ಅಂಗಳದ ಕೋಳಿಯ ಕಾಲಿನಲ್ಲಿ ಉಳಿದ ಕಾಡು

ಶಿರಸಿಯಿಂದ ಕುಮಟಾಕ್ಕೆ ಇಳಿಯುವ ದೇವಿಮನೆ ಘಟ್ಟದಲ್ಲಾಗಲಿ, ಕಾರವಾರದಿಂದ ಕಾಳಿ ನದಿಯ ಗುಂಟ ಕದ್ರಾದ ಕಡೆಗೆ ಹೋಗುವ ದಾರಿಯಲ್ಲಾಗಲಿ, ಚಳಿಗಾಲದ ಮುಂಜಾವಿನಲ್ಲಿ ಸ್ವಲ್ಪ ಹೊತ್ತು ನಿಂತರೆ ಕಾಡುಕೋಳಿಯ ಕೂಗು ಕಿವಿಗೆ ಬೀಳುತ್ತದೆ. ಮನೆಯ ಹುಂಜದಂತೆ ಅದು ಕೊನೆಯಲ್ಲಿ ದನಿಯನ್ನು ಎಳೆಯುವುದಿಲ್ಲ. ತುಂಡು ತುಂಡಾಗಿ, ಒಡೆದ ಗಂಟಲಿನಲ್ಲಿ ಕೂಗಿ ತಟ್ಟನೆ ನಿಲ್ಲಿಸುತ್ತದೆ. ನಮ್ಮ ಜಿಲ್ಲೆಯ ಕಾಡುಗಳಲ್ಲಿರುವುದು ಬೂದು ಕಾಡುಕೋಳಿ. ಹುಂಜದ ಮೈ ಬೂದು, ಬಾಲಕ್ಕೆ ನೇರಳೆ ಹೊಳಪಿನ ಕಪ್ಪು, ಕುತ್ತಿಗೆಯ ಕಪ್ಪು ಗರಿಗಳ ಮೇಲೆ ಮೇಣದ ಹನಿಯಂತಹ ಬಿಳಿ ಮತ್ತು ಹಳದಿ ಚುಕ್ಕೆಗಳು. 18ನೇ ಶತಮಾನದಲ್ಲಿ ಭಾರತಕ್ಕೆ ಬಂದಿದ್ದ ಫ್ರೆಂಚ್ ನಿಸರ್ಗಶಾಸ್ತ್ರಜ್ಞ ಪಿಯರ್ ಸೊನೆರಾ ಅವರ ಹೆಸರನ್ನು ಡಚ್ ಪ್ರಾಣಿಶಾಸ್ತ್ರಜ್ಞ ಟೆಮ್ಮಿಂಕ್ 1813ರಲ್ಲಿ ಈ ಹಕ್ಕಿಗೆ ಇಟ್ಟದ್ದರಿಂದ ವಿಜ್ಞಾನದ ಪುಸ್ತಕಗಳಲ್ಲಿ ಇದು ಗ್ಯಾಲಸ್ ಸೊನೆರಾಟಿ.

ಮನೆಯ ಕೋಳಿಯ ವಂಶದ ಕಥೆಯಿಂದ ಈ ಹಕ್ಕಿಯನ್ನು ನೂರು ವರ್ಷಕ್ಕೂ ಹೆಚ್ಚು ಕಾಲ ಹೊರಗಿಡಲಾಗಿತ್ತು. 1868ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಚಾರ್ಲ್ಸ್ ಡಾರ್ವಿನ್, ಕೋಲ್ಕತ್ತದ ಏಷಿಯಾಟಿಕ್ ಸೊಸೈಟಿಯ ವಸ್ತುಸಂಗ್ರಹಾಲಯ ನೋಡಿಕೊಳ್ಳುತ್ತಿದ್ದ ಎಡ್ವರ್ಡ್ ಬ್ಲೈತ್ ಒದಗಿಸಿದ ಮಾಹಿತಿಯನ್ನೂ ಆಧರಿಸಿ, ಜಗತ್ತಿನ ಎಲ್ಲ ಸಾಕುಕೋಳಿಗಳ ಮೂಲ ಕೆಂಪು ಕಾಡುಕೋಳಿಯೊಂದೇ ಎಂಬ ನಿಲುವಿಗೆ ಬಂದಿದ್ದ. ಕೆಂಪು ಕಾಡುಕೋಳಿಯ ನೆಲೆ ಹಿಮಾಲಯದ ತಪ್ಪಲು, ಈಶಾನ್ಯ ಮತ್ತು ಮಧ್ಯ ಭಾರತದ ಸಾಲವೃಕ್ಷದ ಕಾಡುಗಳು, ಅಲ್ಲಿಂದಾಚೆಗೆ ಮ್ಯಾನ್ಮಾರ್, ಥಾಯ್ಲೆಂಡ್, ಜಾವಾ. ಅದು ನಮ್ಮ ಸಹ್ಯಾದ್ರಿಗೆ ಬಂದಿಲ್ಲ. ಹಾಗಾಗಿ ಉತ್ತರ ಕನ್ನಡದ ಅಂಗಳದಲ್ಲಿ ಕೆದಕುವ ಕೋಳಿಗೂ ಹಿತ್ತಿಲ ಆಚೆಗಿನ ಬೆಟ್ಟದಲ್ಲಿ ಕೂಗುವ ಕೋಳಿಗೂ ರಕ್ತಸಂಬಂಧವಿಲ್ಲ ಎಂದೇ ಎಲ್ಲರೂ ತಿಳಿದಿದ್ದರು.

2008ರಲ್ಲಿ ಸ್ವೀಡನ್ನಿನ ಉಪ್ಸಾಲಾ ವಿಶ್ವವಿದ್ಯಾಲಯದ ಲೀಫ್ ಆಂಡರ್ಸನ್ ಅವರ ತಂಡ ಕೋಳಿಯ ಹಳದಿ ಚರ್ಮಕ್ಕೆ ಕಾರಣವಾದ ವಂಶವಾಹಿಯನ್ನು ಹುಡುಕಿಕೊಂಡು ಹೊರಟಿತು. ಕೋಳಿಗೆ ಆ ಹಳದಿ ತಿನ್ನುವ ಸೊಪ್ಪು, ಹುಲ್ಲು, ಮೆಕ್ಕೆಜೋಳಗಳಲ್ಲಿರುವ ಕೆರೊಟಿನಾಯ್ಡ್ ಎಂಬ ಬಣ್ಣದ ಪದಾರ್ಥಗಳಿಂದ ಸಿಗುತ್ತದೆ. ಬಿಸಿಡಿಒ2 ಎಂಬ ವಂಶವಾಹಿ ತಯಾರಿಸುವ ಕಿಣ್ವವು ಇವನ್ನು ಕತ್ತರಿಸಿ ಬಣ್ಣಗೆಡಿಸುತ್ತದೆ. ಆ ಕಿಣ್ವ ಚರ್ಮದಲ್ಲಿ ಚೆನ್ನಾಗಿ ಕೆಲಸ ಮಾಡುವ ಕೋಳಿಯ ಕಾಲಿನಲ್ಲಿ ಹಳದಿ ನಿಲ್ಲುವುದಿಲ್ಲ. ಹಳದಿ ಕಾಲಿನ ಕೋಳಿಯಲ್ಲಿ ಈ ವಂಶವಾಹಿ ಕೆಟ್ಟಿರುವುದಿಲ್ಲ, ಚರ್ಮದ ಮಟ್ಟಿಗೆ ಮಾತ್ರ ಅದರ ಕೆಲಸ ತಗ್ಗಿರುತ್ತದೆ. ತಂದೆ ತಾಯಿ ಇಬ್ಬರಿಂದಲೂ ಈ ತಗ್ಗಿದ ಪ್ರತಿ ಬಂದರೆ ಮಾತ್ರ ಮರಿಯ ಕಾಲು ಹಳದಿಯಾಗುತ್ತದೆ. ಈ ಪ್ರತಿಯ ಡಿಎನ್‌ಎ ಕೆಂಪು ಕಾಡುಕೋಳಿಗಳ ಡಿಎನ್‌ಎಗೆ ಹೋಲಲಿಲ್ಲ. ಅದು ಹೋಲಿದ್ದು ಬೂದು ಕಾಡುಕೋಳಿಗೆ. ಅಂದರೆ ಎಂದೋ ಒಂದು ಕಾಲದಲ್ಲಿ, ದಕ್ಷಿಣ ಏಷ್ಯಾದ ಯಾವುದೋ ಕಾಡಿನ ಅಂಚಿನ ಊರಿನಲ್ಲಿ, ಸಾಕಿದ ಕೋಳಿ ಬೂದು ಕಾಡುಕೋಳಿಯೊಡನೆ ಕೂಡಿತ್ತು. ಆ ಕೂಟದ ಕುರುಹನ್ನು ಇಂದು ಬಿಳಿ ಲೆಗಾರ್ನ್ ಕೋಳಿಯೂ, ಅಂಗಡಿಯಲ್ಲಿ ಸಿಗುವ ಬ್ರಾಯ್ಲರ್ ಕೂಡ ಹೊತ್ತಿದೆ. ಜಗತ್ತಿನ ಕೋಟ್ಯಂತರ ಕೋಳಿಗಳ ಕಾಲಿಗೆ ಬಣ್ಣ ಕೊಟ್ಟ ಹಕ್ಕಿ ಭಾರತದ ಪರ್ಯಾಯ ದ್ವೀಪವನ್ನು ಬಿಟ್ಟು ಬೇರೆಲ್ಲಿಯೂ ಸಹಜವಾಗಿ ಬದುಕುವುದಿಲ್ಲ ಎಂಬುದನ್ನು ನೆನೆದಾಗಲೆಲ್ಲ ನಾನು ಬೆರಗಾಗುತ್ತೇನೆ.

ಉಳಿದ ವಂಶಾವಳಿಯೂ ಈಗ ಮೊದಲಿಗಿಂತ ಸ್ಪಷ್ಟವಾಗಿದೆ. 1990ರ ದಶಕದಲ್ಲಿ ಜಪಾನಿನ ಸಂಶೋಧಕರು ತಾಯಿಯಿಂದ ಮಾತ್ರ ಬರುವ ಮೈಟೊಕಾಂಡ್ರಿಯದ ಡಿಎನ್‌ಎಯನ್ನು ನೋಡಿ, ಕೋಳಿಯನ್ನು ಪಳಗಿಸಿದ್ದು ಥಾಯ್ಲೆಂಡಿನ ಆಸುಪಾಸಿನಲ್ಲಿ, ಒಮ್ಮೆ ಮಾತ್ರ ಎಂದರು. 2006ರ ಹೊತ್ತಿಗೆ ಹೆಚ್ಚು ಮಾದರಿಗಳನ್ನು ನೋಡಿದವರು ಮೂಲಗಳು ಹಲವು ಎಂದರು. ಹೈದರಾಬಾದಿನ ಡಿಎನ್‌ಎ ಬೆರಳಚ್ಚು ಕೇಂದ್ರದಲ್ಲಿ ಜೆ. ನಾಗರಾಜು ಮತ್ತು ಸಂಗಡಿಗರು ಭಾರತದ ಕೆಂಪು ಕಾಡುಕೋಳಿಯನ್ನು ಪರೀಕ್ಷಿಸಿ 2008ರಲ್ಲಿ ಅದೇ ಮಾತಿಗೆ ಬಲ ಕೊಟ್ಟರು. 2020ರಲ್ಲಿ ಇನ್ನೊಂದು ದೊಡ್ಡ ಅಧ್ಯಯನ 863 ಹಕ್ಕಿಗಳ ಇಡೀ ಜೀನೋಮನ್ನು, ಅಂದರೆ ಅವುಗಳ ಪೂರ್ತಿ ಡಿಎನ್‌ಎಯನ್ನು ಓದಿತು. ಅದರ ಪ್ರಕಾರ ಇಂದಿನ ಸಾಕುಕೋಳಿಯ ಮುಖ್ಯ ಮೂಲ ಕೆಂಪು ಕಾಡುಕೋಳಿಯ ಐದು ಉಪಜಾತಿಗಳಲ್ಲಿ ಒಂದಾದ ಸ್ಪಾಡಿಸಿಯಸ್. ಅದರ ನೆಲೆ ನೈಋತ್ಯ ಚೀನಾ, ಉತ್ತರ ಥಾಯ್ಲೆಂಡ್ ಮತ್ತು ಮ್ಯಾನ್ಮಾರ್. ಅಲ್ಲಿಂದ ಹೊರಟ ಕೋಳಿ ಹೋದಲ್ಲೆಲ್ಲ ಸ್ಥಳೀಯ ಕಾಡುಕೋಳಿಗಳೊಡನೆ ಕೂಡುತ್ತ ಬಂದಿದೆ. ನನಗೆ ಈ ವಿವರಣೆ ಹಿಂದಿನ ಎರಡೂ ವಾದಗಳಿಗಿಂತ ಒಪ್ಪಿಗೆಯಾಗುತ್ತದೆ, ಏಕೆಂದರೆ ಕೋಳಿ ಸಾಕಿದ ಯಾರಿಗಾದರೂ ತಿಳಿದಿರುವಂತೆ ಅದು ಬೇಲಿಯೊಳಗೆ ನಿಲ್ಲುವ ಪ್ರಾಣಿಯಲ್ಲ.

ಕಾಲದ ಲೆಕ್ಕದಲ್ಲಿ ಇನ್ನೂ ಜಗ್ಗಾಟವಿದೆ. ಜೀನೋಮಿನ ಲೆಕ್ಕ ಈ ವಂಶ ಕಾಡಿನ ವಂಶದಿಂದ ಬೇರೆಯಾದದ್ದು ಸುಮಾರು 9,500 ವರ್ಷಗಳ ಹಿಂದೆ ಎನ್ನುತ್ತದೆ, ಅದರಲ್ಲಿ ಮೂರು ಸಾವಿರ ವರ್ಷಕ್ಕೂ ಹೆಚ್ಚಿನ ಏರುಪೇರಿಗೆ ಅವಕಾಶವಿದೆ. 2022ರಲ್ಲಿ ಪುರಾತತ್ವಜ್ಞರು 89 ದೇಶಗಳ ಆರುನೂರಕ್ಕೂ ಹೆಚ್ಚು ನೆಲೆಗಳ ಮೂಳೆಗಳನ್ನು ಮರುಪರಿಶೀಲಿಸಿ, ನಿಸ್ಸಂಶಯವಾಗಿ ಸಾಕುಕೋಳಿಯದೆನ್ನಬಹುದಾದ ಅತಿ ಹಳೆಯ ಮೂಳೆಗಳು ಥಾಯ್ಲೆಂಡಿನ ಬಾನ್ ನಾನ್ ವಾಟ್ ಎಂಬಲ್ಲಿ ಸಿಕ್ಕ, ಕ್ರಿಸ್ತಪೂರ್ವ 1650ರಿಂದ 1250ರ ನಡುವಿನವು ಎಂದರು. ಅವರ ವಿವರಣೆಯಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಭತ್ತ. ಮಳೆಯಾಶ್ರಿತ ಭತ್ತ ಮತ್ತು ಕಿರುಧಾನ್ಯದ ಬೇಸಾಯ ಶುರುವಾದಲ್ಲಿ ಗದ್ದೆಯಲ್ಲಿ ಉದುರಿದ ಕಾಳು, ಕಣದ ಹೊಟ್ಟು, ಮನೆಯ ಹಿಂದಿನ ಕಸ ಇವೆಲ್ಲ ಕಾಡಿನ ಕೋಳಿಯನ್ನು ಮನುಷ್ಯನ ಬಳಿಗೆ ಕರೆದವು. ಅಂಕೋಲಾ, ಕುಮಟಾಗಳ ಗದ್ದೆ ಬಯಲಿನಲ್ಲಿ ಕೊಯ್ಲಾದ ಮೇಲೆ ಸಂಜೆ ಹೊತ್ತು ಕಾಡುಕೋಳಿಗಳು ಬೆಟ್ಟದಂಚಿನಿಂದ ಇಳಿದು ಕೂಳೆಯ ನಡುವೆ ಕಾಳು ಹೆಕ್ಕುವುದನ್ನು ನೋಡಿದವರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಿಲ್ಲ.

ನಾನು ಇದನ್ನೆಲ್ಲ ಓದಿಕೊಂಡ ಮೇಲೆ ಕೋಳಿಗಳನ್ನು ಹತ್ತಿರದಿಂದ ನೋಡಲು ಹೋದದ್ದು ಗಂಗಾವಳಿ ನದಿಯ ದಂಡೆಯ ಒಂದು ಮನೆಗೆ. ಗೆಳೆಯನ ತಾಯಿ ಅಲ್ಲಿ ಊರಕೋಳಿಗಳನ್ನು ತಮ್ಮ ತಾಯಿಯ ಕಾಲದಿಂದ ಬಂದ ಕ್ರಮದಲ್ಲಿಯೇ ಸಾಕುತ್ತಾರೆ. ಗೂಡಿನಿಂದ ಒಂದು ಕಂದು ಹೇಂಟೆಯನ್ನು ಹಿಡಿದು, ರೆಕ್ಕೆಗಳನ್ನು ಕಂಕುಳಲ್ಲಿ ಒತ್ತಿಕೊಂಡು ಅದರ ಕಾಲನ್ನು ನನಗೆ ತೋರಿಸಿದರು. ಬೆರಳಿನ ಸಂದುಗಳಲ್ಲಿ ಹಳದಿ ಇನ್ನೂ ಗಾಢವಾಗಿತ್ತು; ಮೇಲೆ ಹೋದಂತೆ ಬಣ್ಣ ಮಾಸಿ, ಮುಂಗಾಲಿನ ಹುರುಪೆಗಳು ಹೆಚ್ಚುಕಡಿಮೆ ಬಿಳಿಚಿಕೊಂಡಿದ್ದವು. "ಇದು ಮೊಟ್ಟೆ ಇಡ್ತಾ ಇರೂ ಕೋಳಿ, ತಮಾ. ಕಾವಿಗೆ ಕೂತು ಎದ್ದ ಮೇಲೆ ನೋಡು, ಕಾಲು ಮತ್ತೆ ಅರಿಶಿನ ಆಗ್ತದೆ" ಎಂದರು. ಅವರು ಹೇಳಿದ್ದು ಅಕ್ಷರಶಃ ಸರಿ. ಮೊಟ್ಟೆ ಇಡುವ ದಿನಗಳಲ್ಲಿ ಹೇಂಟೆ ತಿಂದ ಹಳದಿಯೆಲ್ಲ ಮೊಟ್ಟೆಯೊಳಗಿನ ಭಂಡಾರಕ್ಕೆ ಹೋಗುತ್ತದೆ. ಮೊದಲು ಗುದದ್ವಾರ, ಆಮೇಲೆ ಕಣ್ಣಿನ ಅಂಚು ಮತ್ತು ಕೊಕ್ಕು, ಕೊನೆಗೆ ಕಾಲು ಬಣ್ಣ ಕಳೆದುಕೊಳ್ಳುತ್ತದೆ. ಮೊಟ್ಟೆ ನಿಂತಾಗ ಅದೇ ಕ್ರಮದಲ್ಲಿ ಮರಳಿ ಬರುತ್ತದೆ. ಬೂದು ಕಾಡುಕೋಳಿಯಿಂದ ಬಂದ ವಂಶವಾಹಿ ಹೀಗೆ ಒಬ್ಬ ಗೃಹಿಣಿಗೆ ಯಾವ ಹೇಂಟೆಯನ್ನು ಉಳಿಸಬೇಕು, ಯಾವುದನ್ನು ಕೊಡಬೇಕು ಎಂದು ತಿಳಿಸುವ ಗುರುತಾಗಿದೆ. ಹಳದಿ ಚರ್ಮ ಜಗತ್ತಿನಾದ್ಯಂತ ಏಕೆ ಇಷ್ಟು ಹರಡಿತು ಎಂಬುದಕ್ಕೆ ಇಂತಹ ಕೈಗಳೂ ಒಂದು ಕಾರಣವಾಗಿರಬೇಕೆಂದು ನಾನು ನಂಬಿದ್ದೇನೆ.

ಆ ಅಂಗಳದಲ್ಲಿದ್ದ ಕೋಳಿಗಳಲ್ಲಿ ಒಂದರ ಹಾಗೆ ಇನ್ನೊಂದಿರಲಿಲ್ಲ. ಒಂದು ಹೇಂಟೆಯ ಕಾಲು ಹಳದಿಯಾದರೆ ಇನ್ನೊಂದರದು ಬಿಳಿ, ಮತ್ತೊಂದರದು ಸೀಸದ ಬಣ್ಣ. ಜುಟ್ಟುಗಳಲ್ಲಿಯೂ ಹಾಗೆಯೇ: ಹೆಚ್ಚಿನವಕ್ಕೆ ಗರಗಸದ ಹಲ್ಲಿನ ಒಂಟಿ ಜುಟ್ಟು, ಒಂದು ಹುಂಜಕ್ಕೆ ಮಾತ್ರ ತಲೆಗೆ ಅಂಟಿಕೊಂಡ, ಮೂರು ಸಾಲಿನ ಸಣ್ಣ ಜುಟ್ಟು. ಕೋಳಿಯ ಜುಟ್ಟಿಗೆ ವಿಜ್ಞಾನದ ಚರಿತ್ರೆಯಲ್ಲಿ ದೊಡ್ಡ ಸ್ಥಾನವಿದೆ. ಮೆಂಡಲ್ ಬಟಾಣಿಯಲ್ಲಿ ಕಂಡ ಆನುವಂಶಿಕತೆಯ ನಿಯಮಗಳು ಪ್ರಾಣಿಗಳಿಗೂ ಅನ್ವಯಿಸುತ್ತವೆ ಎಂಬುದನ್ನು ವಿಲಿಯಂ ಬೇಟ್ಸನ್ 1902ರಲ್ಲಿ ತೋರಿಸಿದ್ದು ಕೋಳಿಗಳಲ್ಲಿ, ಜುಟ್ಟಿನ ಆಕಾರವನ್ನು ಮುಖ್ಯವಾಗಿ ಹಿಡಿದು. ಮೂರು ಸಾಲಿನ ಜುಟ್ಟಿಗೆ ಕಾರಣ ಸಾಕ್ಸ್5 ಎಂಬ ವಂಶವಾಹಿಯೊಳಗೆ ಒಂದೇ ತುಣುಕು ಮತ್ತೆ ಮತ್ತೆ ನಕಲಾಗಿ ಸೇರಿರುವುದು ಎಂದು 2009ರಲ್ಲಿ ತಿಳಿಯಿತು. ಕೋಳಿ ಅಂಕಕ್ಕೆ, ಅಂದರೆ ಹುಂಜಗಳ ಕಾಳಗಕ್ಕೆ ಹೆಸರಾದ ಅಸೀಲ್ ತಳಿಯ ಜುಟ್ಟು ಇಂಥದೇ ಆದ್ದರಿಂದ ಆ ಹುಂಜದ ಹಿಂದೆ ಯಾವುದೋ ತಲೆಮಾರಿನಲ್ಲಿ ಅಂಕದ ಹುಂಜ ಬಂದಿರಬಹುದು. ಕೋಳಿ ಅಂಕ 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯಡಿ ಅಪರಾಧ, ಅದು ಹಾಗೆಯೇ ಇರಬೇಕೆಂಬುದು ನನ್ನ ಅಭಿಪ್ರಾಯವೂ ಹೌದು. ಆದರೆ ಆ ರಕ್ತ ಹಳ್ಳಿಯ ಕೋಳಿಗಳಲ್ಲಿ ಹರಡಿಕೊಂಡಿರುವುದು ನಿಜ.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಬೋಳು ಕತ್ತಿನ ಒಂದು ಮರಿಹೇಂಟೆ. ಇಂಥ ಕೋಳಿಯನ್ನು ಕಂಡರೆ ಹೊಸಬರು ರೋಗ ತಗುಲಿದೆ ಎಂದುಕೊಳ್ಳುತ್ತಾರೆ. ರೋಗವೇನೂ ಅಲ್ಲ. 2011ರಲ್ಲಿ ಕಂಡುಕೊಂಡಂತೆ ಮೂರನೆಯ ವರ್ಣತಂತುವಿನಲ್ಲಿ ಒಂದು ಡಿಎನ್‌ಎ ತುಣುಕು ಬಂದು ಸೇರಿಕೊಂಡಿದ್ದರಿಂದ ಚರ್ಮದಲ್ಲಿ ಗರಿ ಮೂಡುವುದನ್ನು ತಡೆಯುವ ಸಂಕೇತ ಹೆಚ್ಚಾಗುತ್ತದೆ. ಕುತ್ತಿಗೆಯ ಚರ್ಮ ತಾನೇ ತಯಾರಿಸುವ ರೆಟಿನೊಯಿಕ್ ಆಮ್ಲ ಆ ಸಂಕೇತಕ್ಕೆ ಇನ್ನಷ್ಟು ಬಲ ಕೊಡುವುದರಿಂದ ಕುತ್ತಿಗೆ ಮಾತ್ರ ಬೋಳಾಗುತ್ತದೆ. ಒಂದು ಪ್ರತಿ ಇದ್ದರೆ ಮೈಯ ಗರಿ ಸುಮಾರು ಶೇಕಡಾ 20ರಷ್ಟು, ಎರಡೂ ಪ್ರತಿ ಇದ್ದರೆ ಶೇಕಡಾ 40ರಷ್ಟು ಕಡಿಮೆಯಾಗಿ, ಮೈಯ ಬಿಸಿ ಸುಲಭವಾಗಿ ಹೊರಹೋಗುತ್ತದೆ. ಏಪ್ರಿಲ್, ಮೇ ತಿಂಗಳುಗಳಲ್ಲಿ ಕಾರವಾರದಿಂದ ಭಟ್ಕಳದವರೆಗಿನ ಕರಾವಳಿಯ ಸೆಕೆ ಹೇಗಿರುತ್ತದೆಂದು ಇಲ್ಲಿಯವರಿಗೆ ಗೊತ್ತು. ಆ ಸೆಕೆಯಲ್ಲಿ ದೊಡ್ಡ ಕೊಟ್ಟಿಗೆಗಳ ಬ್ರಾಯ್ಲರುಗಳಿಗೆ ಫ್ಯಾನು, ನೀರಿನ ತುಂತುರು ಇವೆಲ್ಲ ಬೇಕಾಗುತ್ತವೆ. ಬೋಳು ಕತ್ತಿನ ಹೇಂಟೆ ಹಲಸಿನ ಮರದ ನೆರಳಿನಲ್ಲಿ ಮಣ್ಣು ಕೆದಕಿಕೊಂಡು ಇರುತ್ತದೆ. ಬಿಸಿ ಹೆಚ್ಚುತ್ತಿರುವ ವರ್ಷಗಳಲ್ಲಿ ಇಂಥ ವಂಶವಾಹಿಯ ಬೆಲೆ ಹೆಚ್ಚುತ್ತಲೇ ಹೋಗುತ್ತದೆ, ಅದು ನಮ್ಮ ಕೈಯಲ್ಲಿ ಉಳಿದಿದ್ದರೆ.

ಈ ವೈವಿಧ್ಯ ಉಳಿದು ಬಂದದ್ದು ಹೇಗೆ? ಯಾವ ಫಾರಂ ಕೂಡ ಇದನ್ನು ಉಳಿಸಲಿಲ್ಲ. ಗಂಗಾವಳಿ ದಂಡೆಯ ಆ ತಾಯಿಯ ಮಾತಿನಲ್ಲಿಯೇ ಅರ್ಧ ಉತ್ತರವಿದೆ: "ಮನೆ ಹುಂಜನೇ ಇಟ್ಕಂಡ್ರೆ ಕುಲ ಕೆಡ್ತದೆ. ಹುಂಜ ಹೊರಗಿಂದು ಬರ್ಬೇಕು." ಹೇಂಟೆ ಮನೆಯಲ್ಲಿಯೇ ಇರುತ್ತದೆ; ತವರಿಗೆ ಹೋದವರು, ನೆಂಟರ ಮನೆಗೆ ಹೋದವರು ಬರುವಾಗ ಹುಂಜದ ಮರಿಯನ್ನೋ ಕಾವಿಗಿಡುವ ಮೊಟ್ಟೆಗಳನ್ನೋ ತರುತ್ತಾರೆ. ಸಂತಾನ ಒಳಗೊಳಗೇ ಕೂಡಿ ದುರ್ಬಲವಾಗದಂತೆ ನೋಡಿಕೊಳ್ಳುವ ಈ ಕ್ರಮವನ್ನು ತಳಿವಿಜ್ಞಾನದ ಪಠ್ಯ ಒಪ್ಪುತ್ತದೆ. ಇನ್ನರ್ಧ ಉತ್ತರ ದೈವಗಳ ಕಟ್ಟೆಯಲ್ಲಿದೆ. ಚೌಡಿಗೆ, ಬೀರನಿಗೆ, ಜಟಕನಿಗೆ ಹರಕೆ ಹೊತ್ತವರಿಗೆ ಒಂದು ಕಡೆ ಕೆಂಪು ಹುಂಜವೇ ಬೇಕು, ಇನ್ನೊಂದು ಕಡೆ ಕಪ್ಪು. ಹರಕೆಯ ಹೊತ್ತಿಗೆ ಬೇಕಾದ ಬಣ್ಣ ಸಿಗದೆ ಹೋದರೆ ಎಂಬ ಅಳುಕಿನಿಂದ ಮನೆಗಳು ಎಲ್ಲ ಬಣ್ಣದ ಕೋಳಿಗಳನ್ನೂ ಉಳಿಸಿಕೊಂಡವು. ಬಲಿಯ ಬಗ್ಗೆ ಓದುಗರಿಗೆ ಬೇರೆ ಬೇರೆ ಅಭಿಪ್ರಾಯಗಳಿರಬಹುದು, ನಾನಿಲ್ಲಿ ಅದರ ಚರ್ಚೆಗೆ ಹೋಗುವುದಿಲ್ಲ. ಬಣ್ಣಗಳ ವೈವಿಧ್ಯಕ್ಕೆ ಅದು ಕಾವಲಾಗಿತ್ತು ಎಂಬುದಷ್ಟನ್ನು ಹೇಳಬೇಕು. ಮುಂಗುಸಿ, ಗಿಡುಗ, ಕಾಡುಬೆಕ್ಕುಗಳೂ ತಮ್ಮ ಪಾಲಿನ ಆಯ್ಕೆ ಮಾಡಿವೆ. ತರಗೆಲೆಯ ಬಣ್ಣದ ಹೇಂಟೆ ಕಾವಿಗೆ ಕೂತರೆ ಅವುಗಳ ಕಣ್ಣಿಗೆ ಬೀಳುವುದು ಕಡಿಮೆ, ಬಿಳಿಯ ಹೇಂಟೆಗೆ ಆ ಅನುಕೂಲವಿಲ್ಲ.

ಇಷ್ಟೆಲ್ಲ ಇದ್ದೂ ನಮ್ಮ ಜಿಲ್ಲೆಯ ಕೋಳಿ ಯಾವ ಪಟ್ಟಿಯಲ್ಲಿಯೂ ಇಲ್ಲ. ಹರಿಯಾಣದ ಕರ್ನಾಲಿನಲ್ಲಿ ಪ್ರಾಣಿ ತಳಿಗಳನ್ನು ನೋಂದಾಯಿಸುವ ರಾಷ್ಟ್ರೀಯ ಸಂಸ್ಥೆಯಿದೆ. ಅದರ ಪಟ್ಟಿಯಲ್ಲಿ ಕೋಳಿಯ ತಳಿಗಳು 20ರ ಆಸುಪಾಸಿನಲ್ಲಿವೆ: ಆಂಧ್ರ, ಒಡಿಶಾ, ಛತ್ತೀಸಗಡಗಳ ಅಸೀಲ್, ಮಧ್ಯಪ್ರದೇಶದ ಕರಿಮಾಂಸದ ಕಡಕ್‌ನಾಥ್, ಕೇರಳದ ತಲಶ್ಶೇರಿ, ಆಂಧ್ರಕ್ಕೂ ನಮ್ಮ ಕೋಲಾರದ ಕಡೆಗೂ ಸೇರಿದ ಘಾಗಸ್, ಹೀಗೆ. ಇದೇ ಸಂಸ್ಥೆ ಮಲೆನಾಡ ಗಿಡ್ಡ ಹಸುವನ್ನು ತಳಿಯೆಂದು ನೋಂದಾಯಿಸಿದ ಮೇಲೆ ಆ ಪುಟ್ಟ ಹಸುವಿನ ಕಡೆಗೆ ಜನರ ಗಮನ ಹೊರಳಿದ್ದನ್ನು ನಾವು ನೋಡಿದ್ದೇವೆ. ಕೋಳಿಗೂ ಅಂಥ ಮಾನ್ಯತೆ ಬೇಕು ಎನ್ನುವವರಿದ್ದಾರೆ. ನಾನು ಅದನ್ನು ವಿರೋಧಿಸುವುದಿಲ್ಲ, ಆದರೆ ಅದರಲ್ಲಿ ಒಂದು ತೊಡಕು ಕಾಣುತ್ತದೆ. ತಳಿ ಎಂದು ಬರೆಯಿಸಬೇಕಾದರೆ ಬಣ್ಣ, ಜುಟ್ಟು, ತೂಕಗಳಲ್ಲಿ ಒಂದು ಮಾದರಿಯನ್ನು ತೋರಿಸಬೇಕು. ಹಾಗೆ ಮಾದರಿಗೆ ಹೊಂದಿಸಲು ಹೊರಟರೆ ಆ ಅಂಗಳದ ಬಿಳಿ ಕಾಲು, ಸೀಸದ ಕಾಲು, ಮೂರು ಸಾಲಿನ ಜುಟ್ಟು, ಬೋಳು ಕತ್ತು ಇವುಗಳಲ್ಲಿ ಯಾವುದನ್ನು ಹೊರಗೆ ಹಾಕುವುದು? ಇಲ್ಲಿಯ ಸಂಪತ್ತು ಬೇರೆ ಬೇರೆ ಮುಖದ ಕೋಳಿಗಳು ಒಂದೇ ಹಿಂಡಿನಲ್ಲಿ ಕೂಡಿ ಬದುಕುವುದರಲ್ಲಿದೆ. ಅದನ್ನು ಉಳಿಸುವುದೆಂದರೆ ಹುಂಜಗಳು ಮನೆಯಿಂದ ಮನೆಗೆ ಹೋಗುತ್ತಿರುವ ಆ ಕ್ರಮವನ್ನೇ ಉಳಿಸುವುದು.

ಈಗ ಕೆಡುತ್ತಿರುವುದು ಆ ಕ್ರಮವೇ. ಬೆಂಗಳೂರಿನ ಹೆಬ್ಬಾಳದಲ್ಲಿ ರೂಪುಗೊಂಡ ಗಿರಿರಾಜ, ಹೈದರಾಬಾದಿನ ವನರಾಜ ಮುಂತಾದ ಸುಧಾರಿತ ಕೋಳಿಗಳು ಹಳ್ಳಿಗಳಿಗೆ ಬಂದು ಎಷ್ಟೋ ಮನೆಗಳಿಗೆ ನಾಲ್ಕು ಕಾಸು ಕೊಟ್ಟಿವೆ; ಅವನ್ನು ಹಳಿಯುವುದು ಅನ್ಯಾಯ. ಊರಕೋಳಿ ವರ್ಷಕ್ಕೆ 50, 60 ಮೊಟ್ಟೆ ಇಟ್ಟರೆ ಅವು ಅದರ ದುಪ್ಪಟ್ಟಿಗೂ ಮೇಲೆ ಇಡುತ್ತವೆ. ತೊಂದರೆ ಶುರುವಾಗುವುದು ಆ ಹುಂಜಗಳನ್ನು ಊರಕೋಳಿಗಳೊಡನೆ ಬಿಟ್ಟಾಗ. ಮರಿಗಳು ಗಾತ್ರದಲ್ಲಿ ದೊಡ್ಡವಾಗುತ್ತವೆ, ನೋಡಲು ಚೆಂದ. ಎರಡು ಮೂರು ತಲೆಮಾರು ಕಳೆಯುವುದರೊಳಗೆ ಹೇಂಟೆಗಳು ಕಾವಿಗೆ ಕೂರುವುದನ್ನು ಬಿಡುತ್ತವೆ, ಗಿಡುಗದ ನೆರಳು ಬಿದ್ದರೂ ಮರಿಗಳನ್ನು ರೆಕ್ಕೆಯಡಿ ಕರೆಯುವುದು ಕಡಿಮೆಯಾಗುತ್ತದೆ. ಕಾವಿಗೆ ಕೂರದ ಕೋಳಿಯ ಮನೆಯವರು ಮುಂದಿನ ಮರಿಗಳಿಗಾಗಿ ಹ್ಯಾಚರಿಯ ಗಾಡಿಯನ್ನೇ ಕಾಯಬೇಕು. ಸಂತೆಯಲ್ಲಿ ನಾಟಿ ಎಂದು ಮಾರುವ ಎಷ್ಟೋ ಕೋಳಿಗಳು ಬಣ್ಣದ ಗರಿಯ ಫಾರಂ ಕೋಳಿಗಳು ಎಂಬುದು ಕೊಳ್ಳುವವರಿಗೂ ಗೊತ್ತು. ಜಗತ್ತಿನ ವಾಣಿಜ್ಯ ಕೋಳಿಗಳ ಡಿಎನ್‌ಎಯನ್ನು ಪರೀಕ್ಷಿಸಿದ 2008ರ ಒಂದು ಅಧ್ಯಯನ, ಅವುಗಳ ಒಂದೊಂದು ವಂಶದಲ್ಲಿಯೂ ಪೂರ್ವಜರಲ್ಲಿದ್ದ ವೈವಿಧ್ಯದ ಅರ್ಧ ಅಥವಾ ಅದಕ್ಕೂ ಹೆಚ್ಚು ಭಾಗ ಕಳೆದುಹೋಗಿದೆ ಎಂದು ಹೇಳಿತ್ತು. ನಾಳೆ ಹೊಸ ರೋಗವೊಂದು ಬಂದರೆ ಅದನ್ನು ತಡೆದುಕೊಳ್ಳುವ ಗುಣವನ್ನು ಹುಡುಕಿಕೊಂಡು ಬರಬೇಕಾದದ್ದು ಇಂಥ ಅಂಗಳಗಳಿಗೆ.

ಕಾಡಿನ ಕಡೆಗೂ ಇದರ ಪರಿಣಾಮವಿದೆ. ಕೆಂಪು ಕಾಡುಕೋಳಿಯ ನೆಲೆಗಳಲ್ಲಿ ಸಂಗ್ರಹಾಲಯದ ಹಳೆಯ ಮಾದರಿಗಳನ್ನೂ ಇಂದಿನ ಹಕ್ಕಿಗಳನ್ನೂ ಹೋಲಿಸಿದ 2023ರ ಅಧ್ಯಯನವೊಂದು, ಇಂದಿನ ಕಾಡು ಹಕ್ಕಿಗಳ ಜೀನೋಮಿನಲ್ಲಿ ಶೇಕಡಾ 20ರಿಂದ 50ರಷ್ಟು ಸಾಕುಕೋಳಿಯದೆಂದು ಕಂಡುಕೊಂಡಿದೆ. ಬೂದು ಕಾಡುಕೋಳಿ ಬೇರೆಯೇ ಜಾತಿಯಾದ್ದರಿಂದ ಬೆರಕೆ ಅಷ್ಟು ಸಲೀಸಲ್ಲ, ಆದರೂ ಹಿಂದೆ ಒಮ್ಮೆ ಆಗಿದ್ದಕ್ಕೆ ಹಳದಿ ಕಾಲೇ ಸಾಕ್ಷಿ. ಕಾಡಿನಂಚಿನ ಮನೆಯವರು ರಾತ್ರಿ ಕೋಳಿಗಳನ್ನು ಗೂಡಿಗೆ ಸೇರಿಸುವುದು ಕೋಳಿಗೂ ಕಾಡುಕೋಳಿಗೂ ಒಳ್ಳೆಯದು. ಬಲೆ, ಉರುಲು ಹಾಕಿ ಕಾಡುಕೋಳಿ ಹಿಡಿಯುವುದು 1972ರ ವನ್ಯಜೀವಿ ಕಾಯ್ದೆಯಡಿ ಅಪರಾಧವಾದರೂ ಪೂರ್ತಿ ನಿಂತಿಲ್ಲ. ಅದು ನಿಲ್ಲಬೇಕು.

ಊರಕೋಳಿ ಉಳಿಯಲು ಸದ್ಯಕ್ಕೆ ಆಗಬೇಕಾದ ಮುಖ್ಯ ಕೆಲಸ ಕೊಕ್ಕರೆ ರೋಗದ ಲಸಿಕೆ. ರಾಣಿಖೇತ್ ಎಂದು ಪಶುವೈದ್ಯರು ಕರೆಯುವ ಈ ರೋಗ ಬಂದರೆ ಒಂದೇ ವಾರದಲ್ಲಿ ಕೇರಿಯ ಕೋಳಿಗಳೆಲ್ಲ ಸಾಯುತ್ತವೆ. ತಲೆಮಾರುಗಳಿಂದ ಬಂದ ಸಂತಾನ ಮುಗಿದು, ಆಮೇಲೆ ತರುವುದು ಹ್ಯಾಚರಿಯ ಮರಿಗಳನ್ನೇ. ಲಸಿಕೆ ದುಬಾರಿಯಲ್ಲ. ಆದರೆ ಒಂದು ಬಾಟಲಿಯಲ್ಲಿ ನೂರು ಕೋಳಿಗೋ ಅದಕ್ಕೂ ಹೆಚ್ಚಿಗೋ ಆಗುವಷ್ಟಿರುತ್ತದೆ, ಬೆರೆಸಿದ ಮೇಲೆ ಒಂದೆರಡು ತಾಸಿನೊಳಗೆ ಮುಗಿಸಬೇಕು, ತಣ್ಣಗೆ ಇಡಬೇಕು. ಹತ್ತು ಕೋಳಿಯ ಮನೆಯವರು ಒಬ್ಬರೇ ತರುವಂಥದ್ದಲ್ಲ. ಹಾಗಾಗಿ ಕೇರಿಯವರೆಲ್ಲ ಒಂದು ದಿನ ಗೊತ್ತು ಮಾಡಿಕೊಂಡು, ಹತ್ತಿರದ ಪಶು ಆಸ್ಪತ್ರೆಗೆ ಮೊದಲೇ ತಿಳಿಸಿ, ಐಸ್ ತುಂಬಿದ ಥರ್ಮಾಸಿನಲ್ಲಿ ಬಾಟಲಿ ತರಿಸಿಕೊಂಡು, ಮನೆಯಿಂದ ಮನೆಗೆ ಹೋಗಿ ಹಾಕಿಸಿಕೊಳ್ಳುವುದೇ ದಾರಿ. ಬೆಳಗಿನ ಜಾವ, ಗೂಡಿನ ಬಾಗಿಲು ತೆಗೆಯುವ ಮೊದಲೇ ಇದಾಗಬೇಕು. ಒಮ್ಮೆ ಹೊರಗೆ ಬಿಟ್ಟ ಮೇಲೆ ಊರಕೋಳಿ ಕೈಗೆ ಸಿಗುವುದಿಲ್ಲ.